ಮಲೆನಾಡಿನ ಕೆಸರಿಗೆ ಸರಿಯಾದ ವಿಂಚ್: ಆರಿಸಿ, ಕೂರಿಸಿ ಮುಗಿಸಿದ ಅನುಭವ

ನನ್ನ ಹಳೇ ಥಾರ್ ಸಿಆರ್‌ಡಿಇ ಜೀಪಿಗೆ ವಿಂಚ್, ಅಂದರೆ ಹೂತ ಗಾಡಿಯನ್ನು ಹಗ್ಗ ಸುತ್ತಿಕೊಂಡು ಎಳೆದು ಮೇಲೆ ತರುವ ಮೋಟಾರು ಯಂತ್ರ, ಹಾಕಿಸುವ ಕೆಲಸ ಅಂತೂ ಮುಗಿಯಿತು. ಶಿವರಾತ್ರಿ ಹೊತ್ತಿಗೆ ವಿಚಾರಿಸಲು ಶುರು ಮಾಡಿದ್ದು, ಗಾಡಿಗೆ ಅದು ಕೂತಾಗ ಮೃಗಶಿರಾ ಮಳೆ ಹಿಡಿದಿತ್ತು. ಈ ನಡುವೆ ಕೇಳಿದ್ದು, ಓದಿದ್ದು, ದುಡ್ಡು ಕಟ್ಟಿ ಕಾದಿದ್ದು, ವೆಲ್ಡರ್ ಅಂಗಡಿಯಲ್ಲಿ ನಿಂತಿದ್ದು ಎಲ್ಲವನ್ನೂ ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಕನ್ನಡದಲ್ಲಿ ಇದರ ಬಗ್ಗೆ ಹುಡುಕಿದಾಗ ನನಗೆ ಹೆಚ್ಚೇನೂ ಸಿಗಲಿಲ್ಲ. ಸಿಕ್ಕ ವಿಡಿಯೊಗಳೆಲ್ಲ ಮರುಭೂಮಿ, ಮರಳಿನವು. ನಮ್ಮ ಜಂಬಿಟ್ಟಿಗೆ ಮಣ್ಣಿನ ಕೆಸರು, ಕಾಫಿ ತೋಟದ ಇಕ್ಕಟ್ಟು ದಾರಿ, ನಾಲ್ಕು ತಿಂಗಳ ಮಳೆಗೆ ಯಾವುದು ಸರಿ ಎಂದು ಯಾರೂ ಹೇಳಿರಲಿಲ್ಲ.

ನಮ್ಮ ತೋಟ ಮೂಡಿಗೆರೆ ಕಡೆ. ಡಾಂಬರು ರಸ್ತೆ ಬಿಟ್ಟ ಮೇಲೆ ಮನೆಗೆ ಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಅದನ್ನು ದಾಟಿದ ಕೂಡಲೇ ಕಡಿದಾದ ಏರು. ಟೈರಿಗೆ ಚೈನ್ ಕಟ್ಟಿದರೆ ಜೀಪು ಹತ್ತುತ್ತದೆ. ಊರಿನವರೆಲ್ಲ ಮಳೆಗಾಲ ಕಳೆಯುವುದು ಹಾಗೆಯೇ. ಆದರೆ ಒಮ್ಮೆ ಡಿಫರೆನ್ಷಿಯಲ್ (ಚಕ್ರಗಳ ನಡುವೆ ಅಡಿಯಲ್ಲಿ ಜೋತಿರುವ ಗೇರಿನ ಗಡ್ಡೆ) ನೆಲಕ್ಕೆ ಕೂತರೆ ಚೈನು ಇನ್ನಷ್ಟು ಗುಂಡಿ ತೋಡುತ್ತದೆ, ಅಷ್ಟೇ. ಆಗ ಪಕ್ಕದ ತೋಟದ ಟ್ರ್ಯಾಕ್ಟರ್ ಬರಬೇಕು. ಹಗಲಾದರೆ ಬರುತ್ತದೆ. ಹೋದ ವರ್ಷ ಪುನರ್ವಸು ಮಳೆಯ ಒಂದು ರಾತ್ರಿ ಲೈನ್‌ಮನೆಯ (ತೋಟದ ಕೆಲಸದವರ ಸಾಲುಮನೆ) ಮಗುವಿಗೆ ಉಸಿರಾಟ ಕಷ್ಟವಾಗಿ ಆಸ್ಪತ್ರೆಗೆ ಹೊರಟಾಗ ಗಾಡಿ ಹಳ್ಳದ ಬಾಯಲ್ಲೇ ಹೂತುಕೊಂಡಿತು. ಮಗುವನ್ನು ಹೊತ್ತು ಡಾಂಬರು ರಸ್ತೆವರೆಗೆ ನಡೆದೆವು, ಅಲ್ಲಿಂದ ಬೇರೆ ಗಾಡಿ ಸಿಕ್ಕಿತು. ಮಗು ಚೆನ್ನಾಗಿದೆ. ಆದರೆ ಇನ್ನೊಂದು ಮಳೆಗಾಲ ಹೀಗೇ ಕಳೆಯುವುದು ಬೇಡ ಅಂತ ಮನೆಯಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು.

ಮೊದಲು ವಿಚಾರಿಸಿದ ಅಂಗಡಿಗಳಲ್ಲೆಲ್ಲ ಬಂದ ಉತ್ತರ ಒಂದೇ: "12,000 ಪೌಂಡಿಂದು ಹಾಕ್ಸಿಬಿಡಿ ಸಾರ್, ದೊಡ್ಡದಿದ್ರೆ ತೊಂದರೆ ಇಲ್ಲ." ಗಾಡಿಯ ತೂಕ ಎಷ್ಟು, ಮುಂದೆ ಸಸ್ಪೆನ್ಷನ್ ಯಾವುದು, ಬ್ಯಾಟರಿ ಎಷ್ಟರದ್ದು ಎಂದು ಒಬ್ಬರೂ ಕೇಳಲಿಲ್ಲ. ವಿಂಚ್ ಆರಿಸುವುದು ಈ ಮೂರರಿಂದ ಶುರುವಾಗಬೇಕು. ಪೆಟ್ಟಿಗೆಯ ಮೇಲಿನ ಸಂಖ್ಯೆ ನೋಡುವುದು ಆಮೇಲೆ.

ತೂಕದ ವಿಷಯ ಮೊದಲು. ಆರ್‌ಸಿಯಲ್ಲಿರುವ ತೂಕ ಖಾಲಿ ಗಾಡಿಯದ್ದು. ನಾವು ಹೂತುಕೊಳ್ಳುವುದು ಖಾಲಿ ಗಾಡಿಯಲ್ಲಿ ಅಲ್ಲ. ಹಾಗಾಗಿ ಡೀಸೆಲ್ ಟ್ಯಾಂಕ್ ತುಂಬಿಸಿ, ಚೈನು, ಜಾಕು, ಗುದ್ದಲಿ, ಟಾರ್ಪಾಲು, ಎರಡು ಮೂಟೆ ಗೊಬ್ಬರ, ಜೊತೆಗೆ ಮೂವರನ್ನು ಹತ್ತಿಸಿಕೊಂಡು ಪೇಟೆಯ ವೇಬ್ರಿಡ್ಜಿಗೆ ಹೋದೆ. ಶುಂಠಿ ಲಾರಿಗಳ ಸಾಲಿನಲ್ಲಿ ನಿಂತಿದ್ದ ಜೀಪು ನೋಡಿ ಅಲ್ಲಿಯ ಹುಡುಗ "ಲೋಡ್ ಏನಣ್ಣ?" ಅಂದ. "ನಾವೇ" ಅಂದೆ. ಚೀಟಿಯಲ್ಲಿ ಬಂದಿದ್ದು 2,140 ಕೆಜಿ. ಅವನನ್ನೇ ಕೇಳಿಕೊಂಡು ಮುಂದಿನ ಎರಡು ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಇನ್ನೊಂದು ಚೀಟಿ ತೆಗೆಸಿದೆ. ನೀವೂ ಇದನ್ನು ಮಾಡಿಸಿಕೊಳ್ಳಿ. ವಿಂಚ್ ಕೂತ ಮೇಲೆ ಮೂತಿಗೆ ಎಷ್ಟು ಭಾರ ಬಿತ್ತು ಎಂದು ಗೊತ್ತಾಗುವುದು ಈ ಎರಡನೇ ಚೀಟಿಯಿಂದಲೇ.

ಎಲ್ಲರೂ ಬಳಸುವ ಲೆಕ್ಕ ಎಂದರೆ ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು. ನನ್ನದಕ್ಕೆ 3,210 ಕೆಜಿ. ವಿಂಚುಗಳ ಮೇಲೆ ಪೌಂಡಿನಲ್ಲಿ ಬರೆದಿರುತ್ತಾರೆ: 8,000 ಪೌಂಡ್ ಎಂದರೆ ಸುಮಾರು 3,630 ಕೆಜಿ, 9,500 ಎಂದರೆ 4,310, 12,000 ಎಂದರೆ 5,440. ಹಾಗೆ ನೋಡಿದರೆ 8,000ದ್ದೇ ಸಾಕು ಅನಿಸುತ್ತದೆ. ನಾನೂ ಅದಕ್ಕೇ ಒಪ್ಪಿಕೊಂಡುಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಕೊಡಗಿನಲ್ಲಿ ಸ್ಪರ್ಧೆಗಳಿಗೆ ಗಾಡಿ ತಯಾರು ಮಾಡುವ ಸ್ನೇಹಿತನೊಬ್ಬ ಹಗ್ಗ ಸುತ್ತಿಕೊಳ್ಳುವ ಡ್ರಮ್ಮಿನ ಸುತ್ತಿನ ವಿಷಯ ಬಿಡಿಸಿ ಹೇಳಿದ.

ವಿಂಚಿನ ಮೇಲೆ ಬರೆದ ಬಲ ಸಿಗುವುದು ಡ್ರಮ್ಮಿನ ಮೇಲೆ ಹಗ್ಗದ ಮೊದಲ ಪದರ ಮಾತ್ರ ಉಳಿದಿದ್ದಾಗ. ಪದರದ ಮೇಲೆ ಪದರ ಏರಿದಂತೆ ಡ್ರಮ್ಮು ದಪ್ಪವಾಗುತ್ತದೆ, ಮೋಟಾರಿಗೆ ಹಿಡಿತ ಕಡಿಮೆಯಾಗುತ್ತದೆ. ನಾಲ್ಕೈದನೇ ಪದರದಲ್ಲಿ ಉಳಿಯುವುದು ಹೆಚ್ಚುಕಡಿಮೆ ಶೇ 65. ಈಗ ನಮ್ಮ ತೋಟದ ದಾರಿ ನೋಡಿ. ಹೂತ ಜಾಗದಿಂದ ಹತ್ತು ಮೀಟರಿನೊಳಗೆ ಮರ ಸಿಗುತ್ತದೆ. 28 ಮೀಟರ್ ಹಗ್ಗದಲ್ಲಿ ಹೆಚ್ಚಿನ ಪಾಲು ಡ್ರಮ್ಮಿನ ಮೇಲೇ ಕೂತಿರುತ್ತದೆ. ಅಂದರೆ ನಾವು ಯಾವಾಗಲೂ ಎಳೆಯುವುದು ಹೊರಪದರದಲ್ಲಿ. ಅಲ್ಲಿ 8,000 ಪೌಂಡಿನ ವಿಂಚ್ ಎಳೆಯುವುದು 2,360 ಕೆಜಿ, 9,500ದ್ದು 2,800 ಕೆಜಿ. ಪೆಟ್ಟಿಗೆ ನೋಡಿ ಕೊಂಡವರು "ಕಂಪನಿ ಹೇಳಿದಷ್ಟು ಎಳೀತಿಲ್ಲ" ಎಂದು ಬೇಜಾರಾಗುವುದು ಇದಕ್ಕೇ.

ಕೆಸರು ಎಷ್ಟು ಹಿಡಿದುಕೊಳ್ಳುತ್ತದೆ ಎನ್ನುವುದಕ್ಕೂ ಒಂದು ಅಂದಾಜಿದೆ, ಅಮೆರಿಕದ ಸೇನೆಯ ರಿಕವರಿ ಕೈಪಿಡಿಗಳಲ್ಲಿ ಬಳಸುವಂಥದ್ದು. ಚಕ್ರದ ಮಟ್ಟಕ್ಕೆ ಹೂತರೆ ಗಾಡಿಯ ತೂಕದಷ್ಟೇ ಬಲ ಬೇಕು. ಮಡ್‌ಗಾರ್ಡ್ ಮಟ್ಟಕ್ಕೆ ಇಳಿದರೆ ಅದರ ಎರಡು ಪಟ್ಟು. ಅದರ ಮೇಲೆ ಏರು ಇದ್ದರೆ ಅದೂ ಸೇರುತ್ತದೆ. 30 ಡಿಗ್ರಿ ಏರಿಗೆ ತೂಕದ ಅರ್ಧ. ನನ್ನ ಹಳ್ಳದ ಬಾಯಲ್ಲಿ ಎರಡೂ ಒಟ್ಟಿಗೆ ಇವೆ. ಕಷ್ಟಕಾಲದಲ್ಲಿ 4,300 ಕೆಜಿಗೂ ಮೇಲೆ ಬೇಕಾಗುತ್ತದೆ ಎಂದಾಯಿತು.

ಹಾಗಾದರೆ 12,000ದ್ದೇ ಸರಿಯಲ್ಲವೇ? ಅದಕ್ಕೂ ಹೊರಪದರದಲ್ಲಿ ಸಿಗುವುದು 3,540. ಸಾಲುವುದಿಲ್ಲ. ಇಲ್ಲಿ ಕೆಲಸಕ್ಕೆ ಬರುವುದು ರಾಟೆ. ಹಗ್ಗವನ್ನು ಮರಕ್ಕೆ ಕಟ್ಟಿದ ರಾಟೆಯ ಮೂಲಕ ಹಾಯಿಸಿ ತಂದು ಗಾಡಿಗೇ ಕೊಂಡಿ ಹಾಕಿದರೆ ಬಲ ಎರಡರಷ್ಟಾಗುತ್ತದೆ, ವೇಗ ಅರ್ಧವಾಗುತ್ತದೆ. ಜೊತೆಗೆ ಎರಡು ಪಟ್ಟು ಹಗ್ಗ ಬಿಚ್ಚುವುದರಿಂದ ಡ್ರಮ್ಮಿನ ಪದರವೂ ಇಳಿಯುತ್ತದೆ. 9,500ದ್ದಕ್ಕೆ ರಾಟೆ ಸೇರಿದರೆ, ಘರ್ಷಣೆಯಲ್ಲಿ ಒಂದಿಷ್ಟು ಹೋದರೂ, 5 ಟನ್ ಸಿಗುತ್ತದೆ. ಹಲವು ಮಾದರಿಗಳಲ್ಲಿ 9,500ಕ್ಕೂ 12,000ಕ್ಕೂ ಮೋಟಾರು ಒಂದೇ ಇರುತ್ತದೆ, ಗೇರಿನ ಅನುಪಾತ ಮಾತ್ರ ಬೇರೆ. ದೊಡ್ಡದು ನಿಧಾನ, ಭಾರವೂ ಜಾಸ್ತಿ. ನನ್ನ ಥಾರ್‌ನ ಮುಂದೆ ಇರುವುದು ಟಾರ್ಷನ್ ಬಾರ್ ಸಸ್ಪೆನ್ಷನ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು), ಅದರ ಮೇಲೆ ಬೇಡದ ಒಂದೊಂದು ಕಿಲೋ ಕೂಡ ಮೂತಿ ತಗ್ಗಿಸುತ್ತದೆ. ಹೀಗೆ 9,500 ಪೌಂಡ್ ಮತ್ತು ಒಂದು ಒಳ್ಳೇ ರಾಟೆ ಎಂದು ನಿರ್ಧಾರವಾಯಿತು. ಜಿಪ್ಸಿ, ಜಿಮ್ನಿಯಂಥ ಹಗುರ ಗಾಡಿಯವರಿಗೆ 8,000 ಮತ್ತು ರಾಟೆ ಧಾರಾಳ. ಸ್ಕಾರ್ಪಿಯೊ, ಫಾರ್ಚುನರ್‌ನವರು 12,000ಕ್ಕೆ ಹೋಗುವುದು ಸರಿ.

ಮೋಟಾರಿನಲ್ಲಿ ಎರಡು ಬಗೆ. ಪರ್ಮನೆಂಟ್ ಮ್ಯಾಗ್ನೆಟ್ಟಿನದು ಅಗ್ಗ, ಹಗುರ ಕೆಲಸಕ್ಕೆ ಕರೆಂಟೂ ಕಡಿಮೆ ಎಳೆಯುತ್ತದೆ, ಆದರೆ ಒಂದೇ ಸಮ ಭಾರ ಬಿದ್ದರೆ ಬೇಗ ಕಾಯುತ್ತದೆ. ಸೀರೀಸ್ ವೌಂಡ್, ಅಂದರೆ ಆ ಅಯಸ್ಕಾಂತದ ಬದಲು ತಂತಿ ಸುರುಳಿ ಇರುವ ಮೋಟಾರು ಭಾರದ ಎಳೆತಕ್ಕೆ ತಡೆಯುತ್ತದೆ. ನಮ್ಮದು ಎರಡನೆಯದರ ಕೆಲಸ. ನೀರಿನ ವಿಷಯಕ್ಕೆ ಐಪಿ67 ಎಂದು ಬರೆದಿದೆಯೇ ನೋಡಿಕೊಳ್ಳಿ. 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಒಳಗೆ ನೀರು ಹೋಗಬಾರದು ಎಂದು ಅದರರ್ಥ. ಹಳ್ಳ ದಾಟುವವರಿಗೆ ಅದಕ್ಕಿಂತ ಕಡಿಮೆಯದು ಬೇಡ. ಕೊಡಗಿನ ಸ್ನೇಹಿತ ಹಾಕಿಸಿಕೊಂಡಿರುವುದು ವಾರ್ನ್ 8274. 1974ರಲ್ಲಿ ಬಂದ ವಿನ್ಯಾಸ, ಇವತ್ತಿಗೂ ಸ್ಪರ್ಧೆಯವರ ಅಚ್ಚುಮೆಚ್ಚು. ಹಗ್ಗ ಸುತ್ತುವ ವೇಗ ಜಾಸ್ತಿ, ಬ್ರೇಕು ಡ್ರಮ್ಮಿನ ಹೊರಗಿರುವುದರಿಂದ ಹಗ್ಗಕ್ಕೆ ಬಿಸಿ ತಾಗುವುದಿಲ್ಲ. ಆಸೆಯೇನೋ ಆಯಿತು. ಆದರೆ ಅದು ನಿಂತ ಆಕಾರದ್ದು, ನನ್ನ ಗ್ರಿಲ್ಲಿನ ಮುಂದೆ ಅರ್ಧ ರೇಡಿಯೇಟರ್ ಮುಚ್ಚುತ್ತದೆ. ಬೆಲೆಯೂ ನನ್ನ ಕೈಗೆ ಎಟುಕುವಂಥದ್ದಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಹಗ್ಗ. ಉಕ್ಕಿನ ವೈರ್ ರೋಪೋ ಸಿಂಥೆಟಿಕ್ಕೋ?

ನಮ್ಮ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಮರದ ದಿಮ್ಮಿ ಎಳೆಸುವ ಕೆಲಸದಲ್ಲಿ ವೈರ್ ರೋಪ್ ಜೊತೆ ವರ್ಷಗಟ್ಟಲೆ ಒಡನಾಡಿದವರು. ತಮ್ಮ ಅಂಗೈ ತೋರಿಸಿದರು. ಹೆಬ್ಬೆರಳ ಬುಡದಲ್ಲಿ ಉದ್ದಕ್ಕೆ ಬಿಳಿ ಗೆರೆ. ಕಡಿದ ಒಂದು ಎಳೆ ಕೈಯೊಳಗೆ ಹೊಕ್ಕು ಎಳೆದುಕೊಂಡು ಹೋದ ಗುರುತು. ಆಮೇಲೆ ಶೆಡ್ಡಿನಿಂದ ಒಂದು ಹಳೇ ಸುರುಳಿ ತಂದು ಬೆಳಕಿಗೆ ಹಿಡಿದು ಬಗ್ಗಿಸಿದರು. ಹೊರಗೆ ಗ್ರೀಸು ಮೆತ್ತಿ ಕಪ್ಪಗೆ ಗಟ್ಟಿಯಾಗಿ ಕಾಣುತ್ತಿತ್ತು. ಬಗ್ಗಿಸಿದ ಕಡೆ ಎಳೆಗಳ ನಡುವಿನಿಂದ ಇಟ್ಟಿಗೆ ಬಣ್ಣದ ಪುಡಿ ಉದುರಿತು. "ನೋಡಿ, ಮೇಲೆ ಚೆನ್ನಾಗೇ ಇದೆ. ಮಳೆ ನೀರು ಒಳಗೆ ಕೂತು ತಿಂದದೆ. ಇಂಥದ್ದು ಎಳೀವಾಗ ಕಡಿದ್ರೆ ಎದುರಿಗೆ ಇದ್ದವ್ರ ಕಥೆ ಮುಗೀತು" ಎಂದರು. ಭಾರ ಬಿದ್ದ ಉಕ್ಕಿನ ಹಗ್ಗ ಕಡಿದರೆ ಅದರಲ್ಲಿ ತುಂಬಿದ ಶಕ್ತಿಯೆಲ್ಲ ಬೀಸಿ ಬರುತ್ತದೆ. ತೋಟದಲ್ಲಿ ಗಾಡಿ ಹೂತ ಕೂಡಲೇ ಸುತ್ತ ಹತ್ತು ಜನ, ಮಕ್ಕಳೂ ಸೇರಿ, ಬಂದು ನಿಲ್ಲುವ ಊರು ನಮ್ಮದು. ನನ್ನ ತೀರ್ಮಾನ ಆ ಶೆಡ್ಡಿನಲ್ಲೇ ಆಯಿತು.

ಸಿಂಥೆಟಿಕ್ ಹಗ್ಗ, ಡೈನೀಮಾ ಎಂಬ ಹೆಸರಿನಲ್ಲಿ ಹೆಚ್ಚಾಗಿ ಕೇಳಿಬರುವ ಪಾಲಿಎಥಿಲೀನ್ ನೂಲಿನದು, ಅದೇ ದಪ್ಪದ ಉಕ್ಕಿಗಿಂತ ಗಟ್ಟಿ, ನೀರಿನ ಮೇಲೆ ತೇಲುವಷ್ಟು ಹಗುರ. ನಾನು ನೋಡಿದ ಮಾದರಿಯಲ್ಲಿ ಹತ್ತು ಕೆಜಿಯಷ್ಟು ವ್ಯತ್ಯಾಸ ಬಂತು. ಕಡಿದರೆ ಅಷ್ಟು ಬೀಸುವುದಿಲ್ಲ, ತುಕ್ಕು ಇಲ್ಲ, ಕಡಿದ ಕಡೆ ಕೈಯಲ್ಲೇ ಹೆಣೆದು ಜೋಡಿಸಬಹುದು. ಇದಕ್ಕೂ ಶತ್ರುಗಳಿವೆ. ಕಲ್ಲಿನ ಚೂಪು ಅಂಚು, ಬಿಸಿಲು, ನೂಲಿನ ನಡುವೆ ಸೇರುವ ಮರಳು, ಮತ್ತು ಬಿಸಿ. ಈ ನೂಲು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಅದಕ್ಕೆ ಎಷ್ಟೋ ಮೊದಲೇ ಬಲ ಕಳೆದುಕೊಳ್ಳುತ್ತದೆ. ಸಾಮಾನ್ಯ ವಿಂಚುಗಳಲ್ಲಿ ಬ್ರೇಕ್ ಇರುವುದು ಡ್ರಮ್ಮಿನೊಳಗೆ. ಗಾಡಿಯನ್ನು ಇಳಿಜಾರಿನಲ್ಲಿ ವಿಂಚಿನಿಂದ ಇಳಿಸುತ್ತ ಹೋದರೆ ಡ್ರಮ್ಮು ಕಾದು ಹಗ್ಗದ ಒಳಪದರ ಬೇಯುತ್ತದೆ. ಹಾಗಾಗಿ ಸಿಂಥೆಟಿಕ್ ಹಾಕಿದವರು ಇಳಿಸುವ ಕೆಲಸವನ್ನು ಚೂರುಚೂರೇ, ನಡುವೆ ನಿಲ್ಲಿಸಿ ಮಾಡಬೇಕು. ಇನ್ನೊಂದು, ಹಗ್ಗ ಹೊರಬರುವ ಬಾಯಿಗೆ ಕೂರಿಸುವ ಚೌಕಟ್ಟು, ಅಂದರೆ ಫೇರ್‌ಲೀಡ್: ಉಕ್ಕಿನ ಹಗ್ಗಕ್ಕೆ ನಾಲ್ಕು ಉರುಳೆಯ ರೋಲರ್ ಫೇರ್‌ಲೀಡ್, ಸಿಂಥೆಟಿಕ್ಕಿಗೆ ನುಣುಪಾದ ಅಲ್ಯುಮಿನಿಯಂ ಹಾಸ್ ಫೇರ್‌ಲೀಡ್. ಉಕ್ಕು ಓಡಾಡಿ ಗೀರು ಬಿದ್ದ ಫೇರ್‌ಲೀಡಿಗೆ ಸಿಂಥೆಟಿಕ್ ಹಾಯಿಸಿದರೆ ಹಗ್ಗ ಅಲ್ಲೇ ಸವೆಯುತ್ತದೆ.

ಯುಗಾದಿಗೆ ಮೊದಲು ಬೆಂಗಳೂರಿನ ಒಂದು ಅಂಗಡಿಗೆ ಅರ್ಧ ದುಡ್ಡು ಮುಂಗಡ ಕಟ್ಟಿದೆ. "ಎರಡು ವಾರದಲ್ಲಿ ಬರುತ್ತೆ" ಎಂದಿದ್ದರು. ಯುಗಾದಿ ಹೋಯಿತು, ರಾಮನವಮಿ ಹೋಯಿತು. ಕೇಳಿದಾಗಲೆಲ್ಲ ಸರಕು ಚೆನ್ನೈ ಬಂದರಿನಲ್ಲಿದೆ ಎಂಬ ಉತ್ತರ. ಮಾರ್ಚಿಯಲ್ಲಿ ಹೂಮಳೆ ಬಿದ್ದು ಕಾಫಿ ಹೂ ಅರಳಿ ಉದುರಿತ್ತು, ಮುಂದಿನ ಮಳೆಗೆ ಆಕಾಶ ಕಪ್ಪಾಗುವಾಗಲೆಲ್ಲ ನನಗೆ ಹಳ್ಳದ ಬಾಯಿ ಕಣ್ಣಮುಂದೆ ಬರುತ್ತಿತ್ತು. ಬಸವ ಜಯಂತಿ ಕಳೆದ ಮೇಲೆ ಪೆಟ್ಟಿಗೆ ಬಂತು. ಬಿಚ್ಚಿದರೆ ಸಿಂಥೆಟಿಕ್ ಹಗ್ಗದ ವಿಂಚಿನ ಜೊತೆ ರೋಲರ್ ಫೇರ್‌ಲೀಡ್ ಇಟ್ಟಿದ್ದಾರೆ! ಅದನ್ನು ವಾಪಸ್ ಕಳಿಸಿ ಸರಿಯಾದದ್ದು ತರಿಸಲು ಮತ್ತೆ ಕಾಯಬೇಕಾಯಿತು. ಪೆಟ್ಟಿಗೆ ಬಂದ ಕೂಡಲೇ ಎಲ್ಲ ಬಿಚ್ಚಿ, ಒಂದೊಂದನ್ನೂ ಫೋಟೊ ತೆಗೆದು ಕಳಿಸಿ. ಬಿಲ್ಲಿನಲ್ಲಿ ವಿಂಚಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಜಿಎಸ್‌ಟಿ ಬಿಲ್ಲೇ ಬೇಕು ಎನ್ನಿ. ವಿಮೆಗೆ ಅದಿಲ್ಲದೆ ಆಗುವುದಿಲ್ಲ. ಮುಂಗಡ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: "ಇದರ ಸೊಲೆನಾಯ್ಡ್ ಹೋದರೆ ಬಿಡಿಯಾಗಿ ಸಿಗುತ್ತಾ, ಎಷ್ಟು?" ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ ಅದು, ವಿಂಚಿನಲ್ಲಿ ಮೊದಲು ಕೈಕೊಡುವ ಭಾಗಗಳಲ್ಲಿ ಒಂದು. ಬೆಲೆ ಹೇಳಲು ತಡವರಿಸುವ ಅಂಗಡಿ ಬೇಡ.

ಕೂರಿಸುವ ಕೆಲಸಕ್ಕೆ ಹಾಸನದ ಒಬ್ಬ ಮೇಸ್ತ್ರಿಯನ್ನು ಹಿಡಿದೆ. ವಯಸ್ಸಾದವರು, ಕಡಿಮೆ ಮಾತು. ಬೇರೆಯವರು ಛಾಸಿಗೆ ಪ್ಲೇಟು ವೆಲ್ಡ್ ಮಾಡಿ ಕೊಡುತ್ತೇವೆ ಎಂದಿದ್ದರು. ಇವರು ಕೇಳಿದ ಕೂಡಲೇ ತಲೆಯಾಡಿಸಿದರು.

"ಛಾಸಿಗೆ ವೆಲ್ಡಿಂಗ್ ತಾಗ್ಸಲ್ಲ ಸಾರ್ ನಾನು. ಬಿಸಿಗೆ ಕಬ್ಬಿಣ ಮೆತ್ತಗಾಗ್ತದೆ, ಅಲ್ಲೇ ಬಿರುಕು ಬಿಡ್ತದೆ. ಬೋಲ್ಟೇ ಹಾಕೋದು."

"ಬೋಲ್ಟು ತಡೀತದಾ ಮೇಸ್ತ್ರಿ?"

"8.8 ಗ್ರೇಡಿಂದು ಹಾಕಿದ್ರೆ ತಡೀತದೆ. ತಲೆ ಮೇಲೆ ನಂಬರ್ ಇರ್ತದೆ, ನೀವೇ ನೋಡಿ ತನ್ನಿ."

ಛಾಸಿಯ ಮುಂದಕ್ಕೆ ಚಾಚಿದ ಎರಡೂ ಕೊಂಬುಗಳನ್ನು ಹಿಡಿಯುವಂತೆ 6 ಮಿಮೀ ಉಕ್ಕಿನ ತಟ್ಟೆ ಮಡಚಿ ತೊಟ್ಟಿಲು ಮಾಡಿದರು. 8,000ದಿಂದ 12,000 ಪೌಂಡಿನವರೆಗಿನ ಬಹುತೇಕ ವಿಂಚುಗಳ ಕಾಲಿನ ತೂತುಗಳು ಒಂದೇ ಅಳತೆಯವು: ಅಡ್ಡಕ್ಕೆ 254 ಮಿಮೀ, ಉದ್ದಕ್ಕೆ 114.3 ಮಿಮೀ, ಅಂದರೆ 10 ಇಂಚು, ನಾಲ್ಕೂವರೆ ಇಂಚು. ಹಾಗಾಗಿ ವಿಂಚ್ ಬರುವ ಮೊದಲೇ ತಟ್ಟೆ ಮಾಡಿಸಿಡಬಹುದು. ನಾನು ಕಾಯುವ ದಿನಗಳಲ್ಲೇ ಈ ಕೆಲಸ ಮುಗಿಸಿದ್ದೆ. ತೊಡಕು ಬಂದದ್ದು ಬೇರೆ ಕಡೆ. ಡ್ರಮ್ಮನ್ನು ಬಿಡಿಸುವ ಕ್ಲಚ್ ಲಿವರ್ ಬಂಪರಿನ ಹಿಂದೆ ಸಿಕ್ಕಿಹಾಕಿಕೊಂಡು ಕೈಯೇ ಹೋಗದಂತಾಯಿತು. ಗೇರ್ ಬಾಕ್ಸಿನ ಸುತ್ತಲ ಬೋಲ್ಟು ಬಿಚ್ಚಿ ಅದನ್ನು ತಿರುಗಿಸಿ ಕೂರಿಸಲು ಬರುತ್ತದೆ. ಮೇಸ್ತ್ರಿ ಒಂದಿಡೀ ಮಧ್ಯಾಹ್ನ ಕೂತು ಗೇರು, ಗ್ಯಾಸ್ಕೆಟ್ ಕದಲದಂತೆ ಎರಡು ತೂತು ತಿರುಗಿಸಿದ ಮೇಲೆ ಲಿವರ್ ಮೇಲೆ ಬಂತು. ಬಂಪರಿನ ಒಳಗೆ ಅಡಗಿಸಿ ಕೂರಿಸುವವರು ಇದನ್ನು ಮೊದಲೇ ಅಳೆದುಕೊಳ್ಳಿ. ಕಂಟ್ರೋಲ್ ಬಾಕ್ಸ್ ವಿಂಚಿನ ಮೇಲೇ ಇದ್ದರೆ ರೇಡಿಯೇಟರಿಗೆ ಗಾಳಿ ಅಡ್ಡ ಬರುತ್ತದೆ. ನನ್ನದನ್ನು ಬಿಚ್ಚಿ ಬಾನೆಟ್ ಒಳಗೆ ಬ್ಯಾಟರಿ ಪಕ್ಕ ಇಡಿಸಿದೆ. ಚಾರ್ಮಾಡಿ ಘಾಟಿ ಹತ್ತಿ ನೋಡಿದೆ, ಬಿಸಿ ಮುಳ್ಳು ಎಂದಿನ ಜಾಗ ಬಿಟ್ಟು ಏರಲಿಲ್ಲ.

ಅಡಗಿಸಿ ಕೂರಿಸಿದ್ದು ಚೆಂದಕ್ಕೆ ಅಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ರಾಜ್ಯಗಳಿಗೆಲ್ಲ ಪತ್ರ ಬರೆದು, ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ ಎಂದು ಹೇಳಿತು. ಗುದ್ದಿದಾಗ ಪಾದಚಾರಿಗೆ ಹೆಚ್ಚು ಪೆಟ್ಟಾಗುತ್ತದೆ ಎನ್ನುವುದು ಅದರ ಹಿಂದಿನ ಕಾಳಜಿ, ಅದು ನ್ಯಾಯವಾದದ್ದೇ. ಮುಂದಕ್ಕೆ ಚಾಚಿದ ದಪ್ಪ ಕಬ್ಬಿಣದ ಬಂಪರಿನ ಮೇಲೆ ವಿಂಚ್ ಇಟ್ಟರೆ ಚೆಕ್‌ಪೋಸ್ಟಿನಲ್ಲಿ ದಂಡ ಬೀಳಬಹುದು, ಅಪಘಾತದಲ್ಲಿ ಜೀವವೇ ಹೋಗಬಹುದು. ನನ್ನದು ಕಂಪನಿ ಬಂಪರಿನ ಗೆರೆ ದಾಟಿ ಮುಂದೆ ಬಂದಿಲ್ಲ. ಹಾಗಿದ್ದರೂ ಬದಲಾವಣೆ ಬದಲಾವಣೆಯೇ, ಆದ್ದರಿಂದ ಕೆಲಸ ಶುರು ಮಾಡುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ. ಮುಂದೆ ಏರ್‌ಬ್ಯಾಗ್ ಇರುವ ಹೊಸ ಗಾಡಿಯವರು ಸೆನ್ಸರ್ ಎಲ್ಲಿದೆ ಎಂದು ತಿಳಿಯದೆ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ.

ವಿಮೆ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿದೆ. ಬಿಲ್ಲು, ಫೋಟೊ, ಆರ್‌ಸಿ ಪ್ರತಿ, ಹಳೇ ಪಾಲಿಸಿ ಕೇಳಿದರು. ಸರ್ವೇಯರ್ ಬಂದು ನೋಡಲು ಸಮಯ ಹಿಡಿಯಿತು, ಅದಕ್ಕಾಗಿ ಪೇಟೆಗೆ ಓಡಾಟವೂ ಆಯಿತು. ಕೊನೆಗೆ ಎಲೆಕ್ಟ್ರಿಕಲ್ ಬಿಡಿಭಾಗ ಎಂದು ಪಾಲಿಸಿಗೆ ಸೇರಿಸಿ ಅದರ ಬೆಲೆಯ ಶೇ 4ರಷ್ಟು ಹೆಚ್ಚಿಗೆ ಕಟ್ಟಿಸಿಕೊಂಡರು.

ಬ್ಯಾಟರಿ ವಿಷಯ ಯಾರೂ ಸರಿಯಾಗಿ ಹೇಳುವುದಿಲ್ಲ, ಆದ್ದರಿಂದ ಲೆಕ್ಕ ಸಮೇತ ಬರೆಯುತ್ತೇನೆ. ಪೂರ್ತಿ ಭಾರದಲ್ಲಿ ಇಂಥ ವಿಂಚ್ 400 ಆಂಪಿಯರ್ ಎಳೆಯುತ್ತದೆ. ಆಲ್ಟರ್ನೇಟರ್ ಕೊಡುವುದು ಹೆಚ್ಚೆಂದರೆ 100. ಉಳಿದ 300 ಬ್ಯಾಟರಿಯಿಂದ ಬರಬೇಕು. ಒಂದು ನಿಮಿಷದ ಎಳೆತಕ್ಕೆ 5 ಆಂಪಿಯರ್ ಅವರ್ ಖಾಲಿ. ಸವೆದ ಬ್ಯಾಟರಿಯಲ್ಲಿ ನಾಲ್ಕೈದು ನಿಮಿಷ ಬಿಡದೆ ಎಳೆದರೆ ಗಾಡಿ ಮೇಲೆ ಬರುವ ಮೊದಲೇ ಎಂಜಿನ್ ಸ್ಟಾರ್ಟ್ ಆಗದ ಸ್ಥಿತಿ ಬರುತ್ತದೆ. ಎಂಜಿನ್ ಓಡುತ್ತಿರಲಿ, ಸ್ವಲ್ಪ ರೇಸ್ ಕೊಟ್ಟಿರಲಿ, ಒಂದು ನಿಮಿಷ ಎಳೆದರೆ ಎರಡು ಮೂರು ನಿಮಿಷ ಬಿಡಿ. ಮೋಟಾರೂ ತಣ್ಣಗಾಗುತ್ತದೆ. ನನ್ನ ಬ್ಯಾಟರಿ ಹಳೆಯದಾಗಿತ್ತು, ಹೊಸದು ಹಾಕಿಸಿದೆ. ಕೇಬಲ್ 35 ಚದರ ಮಿಮೀಗಿಂತ ತೆಳ್ಳಗಿರಬಾರದು. ಅರ್ಥ್ ವೈರನ್ನು ಹತ್ತಿರ ಸಿಕ್ಕ ಛಾಸಿ ಬೋಲ್ಟಿಗೆ ಕಟ್ಟಲು ಎಲೆಕ್ಟ್ರಿಷಿಯನ್ ಹೊರಟರೆ ತಡೆಯಿರಿ, ಅದು ನೇರ ಬ್ಯಾಟರಿಯ ಮೈನಸ್ಸಿಗೇ ಹೋಗಬೇಕು. ಪ್ಲಸ್ಸಿನ ದಾರಿಯಲ್ಲಿ ಕೈಗೆ ಸಿಗುವಂತೆ ಒಂದು ಕಟಾಫ್ ಸ್ವಿಚ್ ಇರಲಿ. ಸೊಲೆನಾಯ್ಡ್ ಅಂಟಿಕೊಂಡು ವಿಂಚ್ ನಿಲ್ಲದೇ ಹೋದಾಗ ಉಳಿಸುವುದು ಅದೊಂದೇ.

ಎಲ್ಲ ಕೂತ ಮೇಲೆ ಮತ್ತೆ ವೇಬ್ರಿಡ್ಜಿಗೆ ಹೋಗಿ ಮುಂದಿನ ಚಕ್ರ ತೂಗಿಸಿದೆ: 60 ಕೆಜಿ ಜಾಸ್ತಿ. ಮೂತಿ ತಗ್ಗಿದ್ದು ಕಣ್ಣಿಗೂ ಕಾಣುತ್ತಿತ್ತು. ಟಾರ್ಷನ್ ಬಾರ್ ಬಿಗಿ ಮಾಡಿಸಿ, ಅಲೈನ್‌ಮೆಂಟ್ ಮಾಡಿಸಿದ ಮೇಲೆ ಸ್ಟೀರಿಂಗ್ ಮೊದಲಿನ ಹಾಗಾಯಿತು.

ಹೊಸ ಹಗ್ಗವನ್ನು ಹಾಗೇ ಬಳಸಬಾರದು. ಕಾರ್ಖಾನೆಯಲ್ಲಿ ಸಡಿಲವಾಗಿ ಸುತ್ತಿರುತ್ತಾರೆ; ಭಾರ ಬಿದ್ದಾಗ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಹೂತು ಕಚ್ಚಿಕೊಳ್ಳುತ್ತದೆ. ಸಣ್ಣ ಏರಿನಲ್ಲಿ ಹಗ್ಗ ಬಿಚ್ಚಿ ಮರಕ್ಕೆ ಕಟ್ಟಿ, ಗಾಡಿ ನ್ಯೂಟ್ರಲ್ಲಿನಲ್ಲಿಟ್ಟು, ಒಳಗೆ ಕೂತವರು ಬ್ರೇಕನ್ನು ಹಗುರವಾಗಿ ಒತ್ತಿರುವಾಗ ಸಾಲುಸಾಲಾಗಿ ಬಿಗಿಯಾಗಿ ಸುತ್ತಿಸಬೇಕು. ಪೂರ್ತಿ ಬಿಚ್ಚಬಾರದು. ಸಿಂಥೆಟಿಕ್ ಜಾರುವ ನೂಲು, ಕನಿಷ್ಠ ಎಂಟು ಸುತ್ತು ಡ್ರಮ್ಮಿನಲ್ಲಿ ಉಳಿಯಬೇಕು, ಉಕ್ಕಿಗಾದರೆ ಐದು. ನಾನು ಆ ಜಾಗಕ್ಕೆ ಕೆಂಪು ಬಣ್ಣ ಹಚ್ಚಿದ್ದೇನೆ, ಕೆಂಪು ಕಂಡರೆ ನಿಲ್ಲಿಸುವುದು.

ಆ ಕೆಲಸಕ್ಕೆ ಮರ ಹುಡುಕುವಾಗಲೇ ನಮ್ಮ ತೋಟಕ್ಕೆ ವಿಶೇಷವಾದ ತೊಂದರೆ ಎದುರಾಯಿತು. ದಾರಿಯುದ್ದಕ್ಕೂ ಇರುವುದು ಸಿಲ್ವರ್ ಓಕ್. ನಾನು ಮರಕ್ಕೆ ಸುತ್ತುವ ಅಗಲ ಪಟ್ಟಿ ಹಿಡಿದು ಒಂದರ ಕಡೆ ಹೋದೆ. ಚಿಕ್ಕಪ್ಪ ಮೇಲಿನಿಂದಲೇ ಕೂಗಿದರು.

"ಏ, ಸಿಲ್ವರಿಗೆ ಕಟ್ಟಬೇಡ ಕಣೋ! ಮೆಣಸಿನ ಬಳ್ಳಿ ಪೂರಾ ಹೋಗ್ತದೆ."

"ಹಲಸಿಗೆ ಹಾಕ್ಲಾ ಚಿಕ್ಕಪ್ಪ?"

"ಹಾಕು. ಅದು ಅಪ್ಪನ ಕಾಲದ್ದು, ಅಲ್ಲಾಡಲ್ಲ."

ಬುಡದಿಂದಲೇ ಹಬ್ಬಿದ ಬಳ್ಳಿಯ ಮೇಲೆ ಪಟ್ಟಿ ಬಿಗಿದರೆ ಆ ಬಳ್ಳಿ ಅಲ್ಲಿಗೆ ಮುಗಿಯಿತು. ವರ್ಷಗಟ್ಟಲೆ ಕಾದು ಬೆಳೆಸಿದ್ದು. ಮಳೆಯಲ್ಲಿ ನೆನೆದ ಮಣ್ಣಿನಲ್ಲಿ ಎಳೆಯ ಸಿಲ್ವರ್ ಬುಡ ಸಮೇತ ವಾಲುವ ಭಯವೂ ಇದೆ. ಆವತ್ತು ಸಂಜೆ ಚಿಕ್ಕಪ್ಪ, ನಾನು ದಾರಿಗುಂಟ ನಡೆದು, ಹೂತುಕೊಳ್ಳುವ ಜಾಗಗಳ ಎದುರು ಬಳ್ಳಿ ಇಲ್ಲದ ಹಲಸು, ನೇರಳೆ, ಮತ್ತಿ ಮರಗಳನ್ನು ಗುರುತು ಮಾಡಿದೆವು. ಹಳ್ಳದ ಬಾಯಿಗೆ ನೇರ ಮರವಿಲ್ಲ, ಓರೆಯಲ್ಲಿ ಒಂದು ನೇರಳೆ ಇದೆ. ಅದಕ್ಕೇ ರಾಟೆ ಹಾಕಿ ಓರೆಯಾಗಿ ಎಳೆಯುವುದು. ನೀವೂ ಮಳೆಗೆ ಮೊದಲೇ ನಿಮ್ಮ ದಾರಿಯ ಮರಗಳನ್ನು ನೋಡಿಟ್ಟುಕೊಳ್ಳಿ. ರಾತ್ರಿ ಟಾರ್ಚ್ ಹಿಡಿದು ಹುಡುಕುವ ಕೆಲಸ ಅಲ್ಲ ಇದು. ಮರಕ್ಕೆ ಅಗಲ ಪಟ್ಟಿಯೇ ಬೇಕು. ಬರೀ ಹಗ್ಗ ಸುತ್ತಿದರೆ ತೊಗಟೆ ಸೀಳಿ ಮರ ಸಾಯುತ್ತದೆ, ಹಗ್ಗವನ್ನು ಅದಕ್ಕೇ ಕೊಂಡಿ ಹಾಕಿದರೆ ಹಗ್ಗವೂ ಹಾಳು.

ಪಟ್ಟಿ, ರಾಟೆಗಳನ್ನು ಜೋಡಿಸುವ ಉಕ್ಕಿನ ಕೊಂಡಿ, ಅಂದರೆ ಶ್ಯಾಕಲ್ ವಿಷಯದಲ್ಲಿ ಒಂದು ಎಚ್ಚರ. ಮುಕ್ಕಾಲು ಇಂಚಿನ ಬೋ ಶ್ಯಾಕಲ್ ಎಲ್ಲ ಕಡೆ ಸಿಗುತ್ತದೆ, ಅದರ ಮೇಲೆ 4.75 ಟನ್ ಎಂದು ಕೆತ್ತಿರುತ್ತದೆ. ರಾಟೆ ಹಾಕಿದಾಗ ಮರದ ಕಡೆ ಬೀಳುವ ಭಾರ ವಿಂಚಿನ ಎಳೆತದ ಎರಡರಷ್ಟು. ಹಾಗಾಗಿ ಆ ತುದಿಗೆ ನಾನು 7/8 ಇಂಚಿನ, 6.5 ಟನ್ನಿನದನ್ನು ತಂದೆ. ತೂಕ ಕೆತ್ತಿರದ ಶ್ಯಾಕಲನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ಆರಿದ್ರಾ ಮಳೆಯಲ್ಲಿ ಗೊಬ್ಬರದ ಮೂಟೆ ತರುವಾಗ ಹಳ್ಳದ ಬಾಯಲ್ಲಿ ಗಾಡಿ ಮತ್ತೆ ಕೂತಿತು. ನೇರಳೆಗೆ ಪಟ್ಟಿ, ರಾಟೆ, ಕಡಿದರೆ ಬೀಸದಂತೆ ಹಗ್ಗದ ನಡುವೆ ನೆನೆದ ಗೋಣಿಚೀಲ. ಜನರನ್ನೆಲ್ಲ ಹಗ್ಗದ ಉದ್ದಕ್ಕಿಂತ ದೂರ ನಿಲ್ಲಿಸಿದ ಮೇಲೆ ರಿಮೋಟ್ ಒತ್ತಿದೆ. ಹಗ್ಗ ಬಿಗಿಯಾಗಿ ನೀರು ಹಿಂಡಿಕೊಂಡಿತು, ಒಂದು ಕ್ಷಣ ಏನೂ ಆಗಲಿಲ್ಲ, ಎದೆ ಡವಗುಟ್ಟಿತು. ಆಮೇಲೆ ಕೆಸರು ಬಾಯಿ ಬಿಟ್ಟ ಸದ್ದು, ಮುಂದಿನ ಚಕ್ರ ಅಂಗುಲ ಅಂಗುಲವಾಗಿ ಎದ್ದಿತು. ನಡುವೆ ಬ್ಯಾಟರಿಗೆ ಬಿಡುವು ಕೊಡುತ್ತ ಎಳೆದರೂ ಟ್ರ್ಯಾಕ್ಟರಿಗೆ ಫೋನ್ ಮಾಡಿ ಕಾಯುವ ಸಮಯದ ಕಾಲು ಭಾಗವೂ ಆಗಲಿಲ್ಲ. ಲೈನ್‌ಮನೆಯವರು ಚಪ್ಪಾಳೆ ತಟ್ಟಿದರು. ನನಗೆ ಗಂಟಲು ಕಟ್ಟಿತ್ತು, ಏನೂ ಹೇಳಲಾಗಲಿಲ್ಲ.

ಖರ್ಚು ಕೇಳುವವರಿಗೆ: ವಿಂಚ್ ತೆರಿಗೆ ಸೇರಿ 52,000 ರೂಪಾಯಿ. ತೊಟ್ಟಿಲು, ಬೋಲ್ಟು, ಮೇಸ್ತ್ರಿ ಕೂಲಿ 9,500. ರಾಟೆ, ಮರಕ್ಕೆ ಸುತ್ತುವ ಪಟ್ಟಿ, ಶ್ಯಾಕಲ್‌ಗಳು, ಚರ್ಮದ ಗ್ಲೌಸು 11,000. ಕೇಬಲ್, ಕಟಾಫ್ ಸ್ವಿಚ್ 4,500, ಬ್ಯಾಟರಿ 8,500, ಟಾರ್ಷನ್ ಬಾರ್, ಅಲೈನ್‌ಮೆಂಟ್ 1,500. ವಿಮೆಯ ಎರಡೂವರೆ ಸಾವಿರ ಸೇರಿದರೆ 90,000ದ ಹತ್ತಿರ. ಅಂಗಡಿಯವರು ಹೇಳುವುದು ಮೊದಲನೆಯದನ್ನು ಮಾತ್ರ, ಉಳಿದದ್ದನ್ನು ನೀವೇ ಕೂಡಿಸಿಕೊಳ್ಳಬೇಕು. ಅಷ್ಟು ದುಡ್ಡಿಲ್ಲದವರು, ವರ್ಷಕ್ಕೆ ಒಂದೆರಡು ಸಲ ಮಾತ್ರ ಹೂತುಕೊಳ್ಳುವವರು, ಕೈಯಿಂದ ಎಳೆಯುವ 1.6 ಟನ್ನಿನ ಪುಲ್ಲರ್ ತೆಗೆದುಕೊಂಡು ಅದಕ್ಕೆ ರಾಟೆ ಸೇರಿಸಿ. ಬೆವರು ಹರಿಯುತ್ತದೆ, ಆದರೆ ಬ್ಯಾಟರಿ ಬೇಡ, ಆರ್‌ಟಿಒ ಚಿಂತೆ ಇಲ್ಲ, ಗಾಡಿಯನ್ನು ಹಿಂದಕ್ಕೂ ಎಳೆಯಬಹುದು. ಮುಂದೆ ಕೂರಿಸಿದ ವಿಂಚಿಗೆ ಅದೊಂದು ಸುಲಭವಲ್ಲ.

ಪ್ರತಿ ಎಳೆತದ ಮೇಲೂ ಹಗ್ಗವನ್ನು ಬಕೆಟ್ಟಿನ ತಿಳಿ ನೀರಿನಲ್ಲಿ ಅದ್ದಿ ಮಣ್ಣು ಬಿಡಿಸುತ್ತಿದ್ದೇನೆ, ಸೋಪು ಬೇಡ. ಪುಷ್ಯ ಮಳೆ ಕಳೆದ ಮೇಲೆ ಪೂರ್ತಿ ಬಿಚ್ಚಿ, ನೂಲು ಎಲ್ಲಿ ಜುಂಗೆದ್ದಿದೆ, ಡ್ರಮ್ಮಿನ ಬೇರಿಂಗಿಗೆ ನೀರು ಹೋಗಿದೆಯೇ ಎಂದು ನೋಡುವುದಿದೆ. ಅದನ್ನು ಫೋಟೊ ಸಮೇತ ಹಾಕುತ್ತೇನೆ. ಅಷ್ಟರಲ್ಲಿ ವಿಂಚ್ ಕೊಳ್ಳಲು ಹೊರಟವರು ನಿಮ್ಮ ಗಾಡಿ, ವೇಬ್ರಿಡ್ಜಿನ ತೂಕ, ಮುಂದಿನ ಸಸ್ಪೆನ್ಷನ್ ಯಾವುದು ಎಂದು ಬರೆದು ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.